ಆಲ್ಕೊಹಾಲ್ ತೆಗೆದ ವೈನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಒಬ್ಬ ಓದುಗರು ಆಲ್ಕೊಹಾಲ್ ಇಲ್ಲದ ವೈನ್ ಬಗ್ಗೆ ಕೇಳಿದ್ದ ಪ್ರಶ್ನೆಗೆ ನಾಲ್ಕೇ ಸಾಲಿನ ಉತ್ತರ ಬರೆದಿದ್ದೆ. ಅದನ್ನು ಓದಿದವರಿಂದ ಇದೇ ವಿಷಯವಾಗಿ ಸಾಕಷ್ಟು ಪತ್ರಗಳು ಬಂದಿವೆ. ಕೆಲವರದು ಕುತೂಹಲ, ಕೆಲವರದು ಅನುಮಾನ, ಒಂದೆರಡು ಪತ್ರಗಳಲ್ಲಿ ನಿಜವಾದ ಆತಂಕ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ. ಒಂದು ಪತ್ರದಲ್ಲಿ ಊರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವನು, ಎರಡು ವರ್ಷಗಳಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ. ಮದ್ಯ ಮುಟ್ಟುವವನಲ್ಲ. ಕಚೇರಿಯ ಕೂಟಗಳಲ್ಲಿ ಈಗ ನನ್ನಂಥವರಿಗೆಂದು 'ಆಲ್ಕೊಹಾಲ್‌ಫ್ರೈ' (ಆಲ್ಕೊಹಾಲ್ ರಹಿತ) ಎಂದು ಬರೆದ ವೈನ್ ಬಾಟಲಿಗಳನ್ನು ಇಡುತ್ತಾರೆ. ದ್ರಾಕ್ಷಿ ರಸಕ್ಕೇ ದೊಡ್ಡ ಹೆಸರು ಕೊಟ್ಟಿದ್ದಾರೆಯೇ, ಅಥವಾ ಇದು ನಿಜವಾಗಿಯೂ ವೈನೇ? ಇದನ್ನು ತಯಾರಿಸುವುದು ಹೇಗೆ?
ಓದುಗರು, ಫ್ರಾಂಕ್‌ಫರ್ಟ್

ಉತ್ತರ: ಇದು ದ್ರಾಕ್ಷಿ ರಸವಲ್ಲ. ಮೊದಲು ಪೂರ್ತಿಯಾಗಿ ವೈನ್ ಆಗಿ, ಅನಂತರ ತನ್ನಲ್ಲಿದ್ದ ಆಲ್ಕೊಹಾಲನ್ನು ಕಳೆದುಕೊಂಡ ಪಾನೀಯ. ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುವುದು ಹುದುಗುವಿಕೆ. ಅದೇ ಹೊತ್ತಿನಲ್ಲಿ ಹಸಿ ದ್ರಾಕ್ಷಿಯಲ್ಲಿ ಇಲ್ಲದ ಅನೇಕ ಪರಿಮಳಗಳೂ ಹುಟ್ಟುತ್ತವೆ. ನಿಮ್ಮ ಕೂಟದ ಬಾಟಲಿಯಲ್ಲಿರುವುದು ಈ ಬದಲಾವಣೆಗಳನ್ನೆಲ್ಲ ದಾಟಿ ಬಂದ ದ್ರವವೇ ಆದ್ದರಿಂದ ಅದರಲ್ಲಿ ವೈನಿನ ಹುಳಿಯೂ ಒಗರೂ ಬಹುಮಟ್ಟಿಗೆ ಉಳಿದಿರುತ್ತವೆ.

ನೀವು ಈ ಕಥೆಯ ಹುಟ್ಟೂರಿನ ಪಕ್ಕದಲ್ಲೇ ಇದ್ದೀರಿ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಫ್ರಾಂಕ್‌ಫರ್ಟ್‌ನಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆಯ ರೈಲು ದಾರಿಯಲ್ಲಿ, ರೈನ್ ನದಿಯ ದಂಡೆಯ ಮೇಲೆ ರ್ಯೂಡೆಸ್‌ಹೈಮ್ ಎಂಬ ಊರಿದೆ. ವೈನ್ ಮನೆತನಕ್ಕೆ ಸೇರಿದ ಕಾರ್ಲ್ ಯುಂಗ್ ಎಂಬವರು ವೈನಿನ ಪರಿಮಳವನ್ನು ಸುಡದೆ ಆಲ್ಕೊಹಾಲನ್ನು ಮಾತ್ರ ಬೇರ್ಪಡಿಸುವ ವಿಧಾನಕ್ಕೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಪೇಟೆಂಟ್ ಪಡೆದದ್ದು ಆ ಊರಿನಲ್ಲಿ. ಇವರು ಅದೇ ಹೆಸರಿನ ಪ್ರಸಿದ್ಧ ಮನಶ್ಶಾಸ್ತ್ರಜ್ಞರಲ್ಲ. ವೈದ್ಯರು ಮದ್ಯ ಬೇಡವೆಂದಿದ್ದಕ್ಕೆ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ವೈನ್ ಬಿಡುತ್ತಿದ್ದುದೇ ಈ ಹುಡುಕಾಟಕ್ಕೆ ಕಾರಣವಾಯಿತು ಎಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ನೂರು ವರ್ಷಕ್ಕೂ ಹಿಂದಿನ ಆ ಕಾರಣಕ್ಕೂ ಇಂದಿನ ಬೇಡಿಕೆಯ ಕಾರಣಕ್ಕೂ ಹೆಚ್ಚು ಅಂತರವಿಲ್ಲ.

ಅವರ ಉಪಾಯವನ್ನು ಹೀಗೆ ತಿಳಿಯಬಹುದು. ಸಾಮಾನ್ಯ ವಾಯುಭಾರದಲ್ಲಿ ಆಲ್ಕೊಹಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ. ಅಷ್ಟು ಬಿಸಿ ಮಾಡಿದರೆ ವೈನ್ ಬೆಂದ ಹಣ್ಣಿನ ಕಷಾಯವಾಗುತ್ತದೆ. ಆದರೆ ಮುಚ್ಚಿದ ಪಾತ್ರೆಯಿಂದ ಗಾಳಿಯನ್ನು ಹೊರಗೆ ಎಳೆದು ಒತ್ತಡವನ್ನು ತಗ್ಗಿಸಿದರೆ ಅದೇ ಆಲ್ಕೊಹಾಲ್ 30 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ನಮ್ಮ ಬೇಸಗೆಯ ಮಧ್ಯಾಹ್ನದಷ್ಟು ಬೆಚ್ಚಗಿನಲ್ಲಿ, ಆವಿಯಾಗಿ ಹೋಗುತ್ತದೆ. ಇದನ್ನು ನಿರ್ವಾತ ಬಟ್ಟಿ ಇಳಿಸುವಿಕೆ ಎನ್ನುತ್ತಾರೆ. ಇದೇ ತತ್ತ್ವವನ್ನು ಇನ್ನಷ್ಟು ನಾಜೂಕಾಗಿ ಬಳಸುವ 'ಸ್ಪಿನ್ನಿಂಗ್ ಕೋನ್' ಎಂಬ ಯಂತ್ರದೊಳಗೆ ಕೆಲವು ಶಂಕುಗಳು ತಿರುಗುತ್ತಿರುತ್ತವೆ, ಕೆಲವು ಸ್ಥಿರವಾಗಿರುತ್ತವೆ. ಅವುಗಳ ಮೇಲೆ ವೈನ್ ತೆಳುವಾದ ಪದರವಾಗಿ ಹರಿಯುತ್ತದೆ. ಮೊದಲ ಸುತ್ತಿನಲ್ಲಿ ಪರಿಮಳವನ್ನು ಹಿಡಿದು ಬೇರೆಡೆ ಇಟ್ಟು, ಎರಡನೆಯ ಸುತ್ತಿನಲ್ಲಿ ಆಲ್ಕೊಹಾಲನ್ನು ತೆಗೆದು, ಕೊನೆಗೆ ಪರಿಮಳವನ್ನು ಮರಳಿ ಸೇರಿಸುತ್ತಾರೆ. ಮೂರನೆಯ ವಿಧಾನದ ಹೆಸರು ನಿಮಗೆ ಪರಿಚಿತ: ನಮ್ಮ ಮನೆಗಳಲ್ಲಿ ಕುಡಿಯುವ ನೀರಿಗೆ ಬಳಸುವ ಆರ್‌ಒ. ಅತಿ ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ವೈನನ್ನು ಹಾಯಿಸಿದಾಗ ನೀರೂ ಆಲ್ಕೊಹಾಲೂ ಆಚೆಗೆ ಹೋಗಿ, ಬಣ್ಣ, ಒಗರು ಮತ್ತು ಪರಿಮಳದ ಹೆಚ್ಚಿನ ಭಾಗ ಈಚೆಯೇ ಉಳಿಯುತ್ತದೆ. ಆಚೆ ಹೋದದ್ದರಿಂದ ಆಲ್ಕೊಹಾಲನ್ನು ಬೇರ್ಪಡಿಸಿ ನೀರನ್ನು ಹಿಂದಕ್ಕೆ ಕೊಡುತ್ತಾರೆ.

ಎಷ್ಟೇ ಜಾಣತನದಿಂದ ಮಾಡಿದರೂ ಏನೋ ಒಂದು ಕಳೆದೇ ಹೋಗುತ್ತದೆ. ಆಲ್ಕೊಹಾಲ್ ಅಮಲು ತರುವ ವಸ್ತು ಮಾತ್ರವಲ್ಲ, ವೈನಿಗೆ ಮೈಕಟ್ಟನ್ನೂ ಗಂಟಲಲ್ಲಿ ಇಳಿಯುವಾಗಿನ ಬೆಚ್ಚನೆಯನ್ನೂ ಕೊಡುವುದು ಅದೇ. ಅದು ಹೋದ ಮೇಲೆ ಹುಳಿ ಎದ್ದು ಕಾಣುತ್ತದೆ, ಪಾನೀಯ ನೀರುನೀರಾಗಿ ಅನ್ನಿಸುತ್ತದೆ. ಆ ಕೊರತೆಯನ್ನು ತುಂಬಲು ಹೆಚ್ಚಿನ ತಯಾರಕರು ಸ್ವಲ್ಪ ಸಿಹಿ ಸೇರಿಸುತ್ತಾರೆ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದಿನ ಉತ್ತರವೊಂದರಲ್ಲಿ ಇದು ಮತ್ತೆ ಬರುತ್ತದೆ.

ಪ್ರಶ್ನೆ: ನೂರು ವರ್ಷದಿಂದ ಇದ್ದ ವಸ್ತುವಿಗೆ ಈಗ ಇದ್ದಕ್ಕಿದ್ದಂತೆ ಇಷ್ಟು ಬೇಡಿಕೆ ಬಂದದ್ದೇಕೆ? ಕಂಪನಿಗಳ ಜಾಹೀರಾತಿನ ಮಹಿಮೆಯೇ?
ನಿವೃತ್ತ ಉಪನ್ಯಾಸಕರು, ಹುಬ್ಬಳ್ಳಿ

ಉತ್ತರ: ಜಾಹೀರಾತಿನ ಪಾಲು ಇದ್ದೇ ಇದೆ. ಆದರೆ ಮೊದಲು ಬದಲಾದದ್ದು ಕುಡಿಯುವವರ ಮನಸ್ಸು, ಕಂಪನಿಗಳು ಅದರ ಹಿಂದೆ ಓಡಿ ಬಂದವು ಎಂಬುದು ನನ್ನ ಅಭಿಪ್ರಾಯ.

ವೈನನ್ನು ಊಟದ ಭಾಗವೆಂದೇ ತಿಳಿದಿದ್ದ ಫ್ರಾನ್ಸ್‌ನಲ್ಲಿ 1960ರ ದಶಕದಲ್ಲಿ ಒಬ್ಬರು ವರ್ಷಕ್ಕೆ ಸರಾಸರಿ 100 ಲೀಟರಿಗೂ ಹೆಚ್ಚು ವೈನ್ ಕುಡಿಯುತ್ತಿದ್ದರು. ಇಂದು ಅದು ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನಾದ್ಯಂತ ಬಳಕೆಯಾದ ವೈನ್ ಸುಮಾರು 21.4 ಕೋಟಿ ಹೆಕ್ಟೊಲೀಟರ್ (ಒಂದು ಹೆಕ್ಟೊಲೀಟರ್ ಎಂದರೆ 100 ಲೀಟರ್). 1961ರಿಂದ ಈಚೆಗೆ ಇಷ್ಟು ಕಡಿಮೆ ಆದದ್ದು ಇದೇ ಮೊದಲು. 2023ರಲ್ಲಿ ಫ್ರಾನ್ಸ್ ಸರ್ಕಾರ ಮಾರಾಟವಾಗದೆ ಉಳಿದ ವೈನನ್ನು ಕೊಂಡು ಕೈಗಾರಿಕೆಯ ಬಳಕೆಗೆ ಬಟ್ಟಿ ಇಳಿಸಲು 20 ಕೋಟಿ ಯೂರೊ ಮೀಸಲಿಡಬೇಕಾಯಿತು. ಬೋರ್ಡೊ ಸೀಮೆಯ ಬೆಳೆಗಾರರು ಸಹಾಯಧನ ಪಡೆದು ಬಳ್ಳಿಗಳನ್ನೇ ಕಿತ್ತುಹಾಕುತ್ತಿದ್ದಾರೆ. ತೋಟವನ್ನು ಉಳಿಸಿಕೊಳ್ಳಲು ಹೊಸ ದಾರಿ ಹುಡುಕುತ್ತಿರುವ ಇಂಥ ಬೆಳೆಗಾರನಿಗೆ ಆಲ್ಕೊಹಾಲ್ ತೆಗೆದ ವೈನ್ ಒಂದು ಆಸರೆಯಂತೆ ಕಾಣುವುದು ಸಹಜ.

ಇನ್ನೊಂದು ಕಡೆಯಿಂದ ಆರೋಗ್ಯದ ಎಚ್ಚರ ಬಂತು. ಆಲ್ಕೊಹಾಲ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದ್ದು 1988ರಷ್ಟು ಹಿಂದೆಯೇ. ಆದರೂ 'ದಿನಕ್ಕೊಂದು ಲೋಟ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು' ಎಂಬ ಮಾತು ದಶಕಗಳ ಕಾಲ ಓಡಾಡಿತು. 2023ರ ಜನವರಿಯಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಯಾವ ಪ್ರಮಾಣವೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅದೇ ತಿಂಗಳು ಕೆನಡಾದ ಹೊಸ ಮಾರ್ಗಸೂಚಿ ವಾರಕ್ಕೆ ಎರಡು ಲೋಟಕ್ಕಿಂತ ಹೆಚ್ಚು ಬೇಡವೆಂದಿತು. ಬ್ರಿಟನ್ನಿನಲ್ಲಿ 2013ರಲ್ಲಿ ಶುರುವಾದ, ಜನವರಿ ತಿಂಗಳು ಪೂರ್ತಿ ಮದ್ಯ ಮುಟ್ಟದಿರುವ 'ಡ್ರೈ ಜನವರಿ' ಎಂಬ ಅಭಿಯಾನ ಬೇರೆ ದೇಶಗಳಿಗೂ ಹಬ್ಬಿತು. ನಮ್ಮಲ್ಲಿ ಶ್ರಾವಣದಲ್ಲಿ ಮಾಂಸವನ್ನೂ ಮದ್ಯವನ್ನೂ ಬಿಡುವ ಮನೆಗಳಿವೆಯಲ್ಲ, ಹೆಚ್ಚುಕಡಿಮೆ ಹಾಗೆಯೇ.

ಕಾನೂನಿನಲ್ಲೂ ಬಾಗಿಲು ತೆರೆಯಿತು. ಯುರೋಪಿಯನ್ ಒಕ್ಕೂಟದಲ್ಲಿ ವೈನ್ ಎನ್ನಿಸಿಕೊಳ್ಳಲು ಇಷ್ಟು ಆಲ್ಕೊಹಾಲ್ ಇರಲೇಬೇಕೆಂಬ ಕಟ್ಟುಪಾಡಿತ್ತು. 2021ರ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮ 'ಆಲ್ಕೊಹಾಲ್ ತೆಗೆದ ವೈನ್' ಎಂಬ ಹೆಸರಿಗೆ ಅಧಿಕೃತ ಮನ್ನಣೆ ಕೊಟ್ಟಿತು. ಬಹುಕಾಲ ಇದನ್ನು ವಿರೋಧಿಸುತ್ತ ಬಂದಿದ್ದ ಇಟಲಿಯೂ 2024ರ ಡಿಸೆಂಬರ್‌ನಲ್ಲಿ ತನ್ನ ನೆಲದಲ್ಲಿ ತಯಾರಿಕೆಗೆ ಒಪ್ಪಿತು. ಅದೇ ವರ್ಷ, ದುಬಾರಿ ಶಾಂಪೇನ್‌ಗಳಿಗೆ ಹೆಸರಾದ ಮೋಯೆ ಹೆನೆಸಿ ಸಂಸ್ಥೆ 'ಫ್ರೆಂಚ್ ಬ್ಲೂಮ್' ಎಂಬ ಆಲ್ಕೊಹಾಲ್ ರಹಿತ ನೊರೆ ವೈನ್ ಕಂಪನಿಯಲ್ಲಿ ಪಾಲು ತೆಗೆದುಕೊಂಡಿತು. ಹಾಗಿದ್ದರೂ ಒಟ್ಟು ವೈನ್ ವ್ಯಾಪಾರದಲ್ಲಿ ಇದು ಇನ್ನೂ ಚಿಕ್ಕ ತುಣುಕು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಮುಖ್ಯವೆನಿಸುವ ಕಾರಣ ಬೇರೆಯೇ. ಹತ್ತು ಜನರ ನಡುವೆ ಕೈಯಲ್ಲಿ ಬರೀ ನೀರಿನ ಲೋಟ ಹಿಡಿದು ಕುಳಿತವನನ್ನು 'ಯಾಕೆ, ಏನಾಯಿತು, ಡಾಕ್ಟರು ಬೇಡವೆಂದರೇ' ಎಂದು ಕೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಕುಡಿಯದಿರುವುದಕ್ಕೆ ಯಾರೂ ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಕಾರಣ ಹೇಳದೆಯೇ ಎಲ್ಲರೊಂದಿಗೆ ಲೋಟ ಎತ್ತುವ ಸಮಾಧಾನವನ್ನು ಈ ಬಾಟಲಿ ಕೊಡುತ್ತದೆ, ಜನ ಅದಕ್ಕೆ ಬೆಲೆ ತೆರುತ್ತಿದ್ದಾರೆ.

ಪ್ರಶ್ನೆ: ವಿದೇಶದಿಂದ ಬಂದ ಬಾಟಲಿಯೊಂದರ ಮುಂದೆ ದೊಡ್ಡಕ್ಷರದಲ್ಲಿ ಆಲ್ಕೊಹಾಲ್ ರಹಿತ ಎಂದೂ ಹಿಂದೆ ಚಿಕ್ಕಕ್ಷರದಲ್ಲಿ ಶೇ 0.5ಕ್ಕಿಂತ ಕಡಿಮೆ ಎಂದೂ ಬರೆದಿತ್ತು. ಇದು ಮೋಸವಲ್ಲವೇ?
ಔಷಧ ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಕಾನೂನಿನ ದೃಷ್ಟಿಯಲ್ಲಿ ಮೋಸವಲ್ಲ, ಆದರೆ ಗೊಂದಲಕ್ಕೆ ಎಡೆ ಇದೆ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಜರ್ಮನಿಯಲ್ಲಿ ಶೇ 0.5ರವರೆಗೆ ಇದ್ದರೂ 'ಆಲ್ಕೊಹಾಲ್‌ಫ್ರೈ' ಎನ್ನಬಹುದು. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಆ ಮಾತಿಗೆ ಮಿತಿ ಶೇ 0.05; ಶೇ 0.5ರವರೆಗಿನದಕ್ಕೆ 'ಆಲ್ಕೊಹಾಲ್ ತೆಗೆದದ್ದು' ಎಂಬ ಬೇರೆ ಹೆಸರು. ಅಮೆರಿಕದಲ್ಲಿ 'ನಾನ್ ಆಲ್ಕೊಹಾಲಿಕ್' ಎಂದರೆ ಶೇ 0.5ಕ್ಕಿಂತ ಕಡಿಮೆ, 'ಆಲ್ಕೊಹಾಲ್ ಫ್ರೀ' ಎಂದರೆ ಸ್ವಲ್ಪವೂ ಇಲ್ಲ. ನಮ್ಮ ದೇಶದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳು ಶೇ 0.5ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವುದನ್ನು ಮದ್ಯ ಪಾನೀಯವೆಂದು ಪರಿಗಣಿಸುತ್ತವೆ. ಹೀಗೆ ಒಂದೇ ಮಾತಿಗೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ.

ಪ್ರಮಾಣವನ್ನು ಲೆಕ್ಕ ಹಾಕಿ ನೋಡೋಣ. 150 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಶೇ 12.5ರ ಸಾಮಾನ್ಯ ವೈನ್ ಇದ್ದರೆ ಅದರಲ್ಲಿ ಸುಮಾರು 15 ಗ್ರಾಂ ಆಲ್ಕೊಹಾಲ್ ಇರುತ್ತದೆ, ಶೇ 0.5ರ ವೈನ್ ಇದ್ದರೆ 0.6 ಗ್ರಾಂ. ಅಂದರೆ ಇಂಥ 25 ಲೋಟ ಸೇರಿದರೆ ಒಂದು ಲೋಟ ನಿಜವಾದ ವೈನಿಗೆ ಸಮ. ಚೆನ್ನಾಗಿ ಕಳಿತ ಬಾಳೆಹಣ್ಣಿನಲ್ಲೂ ಬ್ರೆಡ್ಡಿನಲ್ಲೂ ತಾನಾಗಿ ಹುಟ್ಟಿದ ಆಲ್ಕೊಹಾಲಿನ ಲೇಶವಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ಇದರಿಂದ ಅಮಲೇರುವುದಿಲ್ಲ. ಆದರೆ ವ್ರತ, ಧರ್ಮ ಅಥವಾ ಚಿಕಿತ್ಸೆಯ ಕಾರಣಕ್ಕೆ ಒಂದು ಹನಿಯೂ ಬೇಡವೆನ್ನುವವರಿಗೆ ಈ ಲೆಕ್ಕ ಸಮಾಧಾನ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅವರು 0.0 ಎಂದು ಅಂಕಿಯಲ್ಲೇ ನಮೂದಿಸಿದ್ದನ್ನು ಮಾತ್ರ ಕೊಳ್ಳಬೇಕು ಅಥವಾ ಹುದುಗಿಸದ ರಸವನ್ನೇ ಆರಿಸಿಕೊಳ್ಳಬೇಕು. ಚೀಟಿಯ ಹಿಂಬದಿಯ ಚಿಕ್ಕ ಅಕ್ಷರವನ್ನು ಓದಿದ ನಿಮ್ಮ ಅಭ್ಯಾಸ ಎಲ್ಲರಿಗೂ ಬರಲಿ ಎಂದು ಹಾರೈಸುತ್ತೇನೆ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ಮಗಳು ಗರ್ಭಿಣಿ. ಅಳಿಯ ತಂದ ಈ ವೈನನ್ನು ನಾವಿಬ್ಬರೂ ಕುಡಿಯಬಹುದೇ? ಹೃದಯಕ್ಕೂ ಒಳ್ಳೆಯದಂತೆ, ಹೌದೇ?
ಗೃಹಿಣಿ, ಮೈಸೂರು

ಉತ್ತರ: ಮಗಳ ವಿಷಯ ಮೊದಲು. ಗರ್ಭಾವಸ್ಥೆಯಲ್ಲಿ ಆಲ್ಕೊಹಾಲಿನ ಸುರಕ್ಷಿತ ಪ್ರಮಾಣ ಎಂಬುದು ಇಲ್ಲ. ಆದ್ದರಿಂದ ಶೇ 0.5ರ ಬಾಟಲಿಯನ್ನು ಬದಿಗಿಡಿ. 0.0 ಎಂದಿದ್ದರೂ ಅವರನ್ನು ನೋಡುತ್ತಿರುವ ವೈದ್ಯರ ಒಪ್ಪಿಗೆ ಇಲ್ಲದೆ ಬೇಡ. ಒಂಬತ್ತು ತಿಂಗಳು ಎಳನೀರು, ಮಜ್ಜಿಗೆ, ಪಾನಕಗಳಲ್ಲಿ ಸೊಗಸಾಗಿಯೇ ಕಳೆಯುತ್ತವೆ.

ನಿಮಗೆ ಸಂಬಂಧಿಸಿದ್ದು ಸಕ್ಕರೆಯ ಅಂಕಿ. ಮೈಕಟ್ಟು ತುಂಬಲು ಸಿಹಿ ಸೇರಿಸುತ್ತಾರೆಂದು ಮೇಲೆ ಹೇಳಿದೆನಲ್ಲ, ಅದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬಹಳ ಬದಲಾಗುತ್ತದೆ. ಚೀಟಿಯಲ್ಲಿ 100 ಮಿಲಿಲೀಟರಿಗೆ 4 ಗ್ರಾಂ ಸಕ್ಕರೆ ಎಂದಿದ್ದರೆ ನಿಮ್ಮ ಒಂದು ಲೋಟದಲ್ಲಿ 6 ಗ್ರಾಂ ಇರುತ್ತದೆ. ದ್ರಾಕ್ಷಿ ರಸದ ಒಂದು ಲೋಟದಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಇರಬಹುದಾದ್ದರಿಂದ ಹೋಲಿಕೆಯಲ್ಲಿ ಇದು ಮೇಲು. ಆದರೆ ಸಾಮಾನ್ಯ ಡ್ರೈ (ಸಿಹಿಯಿಲ್ಲದ) ವೈನಿಗಿಂತ ಇದರಲ್ಲಿ ಸಕ್ಕರೆ ಹೆಚ್ಚು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಡಿಸೆಂಬರ್ ನಂತರ ತಯಾರಾದ ವೈನಿಗೆ ಪೋಷಕಾಂಶಗಳ ವಿವರ ಕೊಡುವುದು ಕಡ್ಡಾಯ. ಕೆಲವು ಬಾಟಲಿಗಳಲ್ಲಿ ಪೂರ್ತಿ ವಿವರ ಕ್ಯುಆರ್ ಕೋಡ್ ಒಳಗೆ ಇರುತ್ತದೆ, ಅಳಿಯನಿಂದ ಅದನ್ನು ಮೊಬೈಲಿನಲ್ಲಿ ತೆರೆಸಿ ಓದಿಸಿಕೊಳ್ಳಿ.

ಹೃದಯದ ಮಾತಿಗೆ ಒಂದು ಆಧಾರವಿದೆ. ಹೃದ್ರೋಗದ ಅಪಾಯ ಹೆಚ್ಚಿದ್ದ 67 ಪುರುಷರ ಮೇಲೆ ಸ್ಪೇನ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಲ್ಕೊಹಾಲ್ ತೆಗೆದ ಕೆಂಪು ವೈನ್ ಕುಡಿದ ನಾಲ್ಕು ವಾರಗಳಲ್ಲಿ ರಕ್ತದೊತ್ತಡ ಸ್ವಲ್ಪ ಇಳಿದದ್ದು ಕಂಡುಬಂದಿತು. ದ್ರಾಕ್ಷಿ ಸಿಪ್ಪೆಯಲ್ಲಿರುವ ಪಾಲಿಫೀನಾಲ್ ಎಂಬ ಸಸ್ಯಜನ್ಯ ರಾಸಾಯನಿಕಗಳು ಇದಕ್ಕೆ ಕಾರಣವಿರಬಹುದು. ಅಷ್ಟು ಕಡಿಮೆ ಜನರ ಮೇಲಿನ ಅಷ್ಟು ಚಿಕ್ಕ ಅವಧಿಯ ಫಲಿತಾಂಶವನ್ನು ನಂಬಿ ಯಾರೂ ಮಾತ್ರೆ ಬಿಡಬಾರದು.

ಪ್ರಶ್ನೆ: ನಮ್ಮ ಯಜಮಾನರು ಚಿಕಿತ್ಸೆ ಪಡೆದು ಹನ್ನೊಂದು ತಿಂಗಳಿಂದ ಕುಡಿತ ಬಿಟ್ಟಿದ್ದಾರೆ. ಮನೆಯಲ್ಲಿ ಈಗಷ್ಟೇ ನೆಮ್ಮದಿ ಬಂದಿದೆ. ದುಬೈನಿಂದ ಬಂದ ಮೈದುನ 'ಇದರಲ್ಲಿ ಏನೂ ಇಲ್ಲ ಅತ್ತಿಗೆ, ಅಣ್ಣ ಧಾರಾಳವಾಗಿ ಕುಡಿಯಬಹುದು' ಎಂದು ಎರಡು ಬಾಟಲಿ ಕೊಟ್ಟು ಹೋಗಿದ್ದಾನೆ. ಬೀರುವಿನಲ್ಲಿ ಮುಚ್ಚಿಟ್ಟಿದ್ದೇನೆ. ನಮ್ಮ ಮದುವೆಯ ದಿನ ಹತ್ತಿರ ಬರುತ್ತಿದೆ, ಅಂದು ತೆಗೆಯಲೇ?
ಹೆಸರು, ಊರು ಬೇಡ

ಉತ್ತರ: ತೆಗೆಯಬೇಡಿ, ಸಹೋದರಿ. ನಿಮ್ಮ ಮೈದುನ ಅಣ್ಣನ ಮೇಲಿನ ಪ್ರೀತಿಯಿಂದಲೇ ತಂದಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಆದರೆ 'ಏನೂ ಇಲ್ಲ' ಎಂಬ ಮಾತು ಆಲ್ಕೊಹಾಲಿನ ಮಟ್ಟಿಗೆ ಹೆಚ್ಚುಕಡಿಮೆ ನಿಜವಾದರೂ ನಿಮ್ಮ ಯಜಮಾನರ ಮಟ್ಟಿಗೆ ನಿಜವಲ್ಲ.

ಬಹಳ ಕಾಲ ಕುಡಿದವರ ಮೆದುಳು ಆಲ್ಕೊಹಾಲನ್ನು ಮಾತ್ರ ಕಲಿತಿರುವುದಿಲ್ಲ. ಬಿರಡೆ ತೆಗೆಯುವ ಸದ್ದು, ಲೋಟದ ಆಕಾರ, ಮೂಗಿಗೆ ಬರುವ ವಾಸನೆ, ಸಂಜೆಯ ಹೊತ್ತು, ಜೊತೆಗೆ ಕೂರುವ ಜನ ಇವೆಲ್ಲವನ್ನೂ ಅದು ಒಂದಕ್ಕೊಂದು ಹೆಣೆದು ನೆನಪಿಟ್ಟುಕೊಂಡಿರುತ್ತದೆ. ಅವುಗಳಲ್ಲಿ ಒಂದು ಎದುರಾದರೂ ಉಳಿದದ್ದೆಲ್ಲ ಬೇಕೆನ್ನುವ ಸೆಳೆತ ಏಳಬಹುದು. ಆಲ್ಕೊಹಾಲ್ ತೆಗೆದ ವೈನನ್ನು ಆದಷ್ಟೂ ವೈನಿನಂತೆಯೇ ಇರಲಿ ಎಂದು ಶ್ರಮಪಟ್ಟು ಮಾಡಿರುತ್ತಾರೆ. ನಿಮ್ಮ ಮನೆಯಲ್ಲಿ ಆ ಹೋಲಿಕೆಯೇ ಅಪಾಯ. ಕುಡಿತ ಬಿಟ್ಟ ಕೆಲವರಿಗೆ ಇಂಥ ಪಾನೀಯಗಳಿಂದ ಅನುಕೂಲವಾದದ್ದೂ ಇದೆ. ಆದರೆ ಯಾರಿಗೆ ಅನುಕೂಲ, ಯಾರಿಗೆ ಅಪಾಯ ಎಂಬುದನ್ನು ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಹೇಳಬೇಕೇ ಹೊರತು ನಾನಾಗಲಿ, ನಿಮ್ಮ ಮೈದುನರಾಗಲಿ ಅಲ್ಲ. ಅವರು ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವಿಷಯ ಇನ್ನೂ ಗಂಭೀರ: ಆ ಔಷಧದ ಜೊತೆಗೆ ಅಲ್ಪ ಆಲ್ಕೊಹಾಲ್ ಸೇರಿದರೂ ಮುಖ ಕೆಂಪಾಗಿ, ವಾಂತಿಯಾಗಿ, ಎದೆಬಡಿತ ಏರಿ ಆಸ್ಪತ್ರೆಗೆ ಹೋಗಬೇಕಾದೀತು. ಆದ್ದರಿಂದ ಶೇ 0.5ರ ಬಾಟಲಿಯಂತೂ ಮನೆಯಲ್ಲಿ ಇರಲೇಬಾರದು.

ಮುಚ್ಚಿಟ್ಟ ಬಾಟಲಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬೀರುವಿನಲ್ಲಿ ಅದು ಅವರ ಕಣ್ಣಿಗೆ ಬಿದ್ದರೆ, ಅದರಲ್ಲಿ ಏನಿದೆ ಎಂಬುದಕ್ಕಿಂತ ನೀವು ಯಾಕೆ ಮುಚ್ಚಿಟ್ಟಿರಿ ಎಂಬುದೇ ಮನಸ್ತಾಪಕ್ಕೆ ದಾರಿಯಾಗಬಹುದು. ಮೈದುನರನ್ನು ಕರೆದು ಹೇಳಿ ಹಿಂದಕ್ಕೆ ಕಳಿಸಿಬಿಡಿ. ಬೇರೆ ಯಾವುದಾದರೂ ಸಂದೇಹ ಬಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಮದುವೆಯ ದಿನ ಅವರಿಗೆ ಪ್ರಿಯವಾದ ಅಡುಗೆ ಮಾಡಿ. ಹನ್ನೊಂದು ತಿಂಗಳನ್ನು ಅವರೊಬ್ಬರೇ ದಾಟಿದ್ದಲ್ಲ, ನೀವೂ ಜೊತೆಗೆ ದಾಟಿದ್ದೀರಿ.

ಪ್ರಶ್ನೆ: ಕ್ರಿಸ್‌ಮಸ್‌ಗೆ ನಮ್ಮ ಮನೆಯಲ್ಲಿ ದ್ರಾಕ್ಷಿ, ಸಕ್ಕರೆ, ಸ್ವಲ್ಪ ಗೋಧಿ, ಯೀಸ್ಟ್ ಹಾಕಿ ಭರಣಿಯಲ್ಲಿ 21 ದಿನ ಇಟ್ಟು ವೈನ್ ಮಾಡುತ್ತೇವೆ. ಮನೆಯಲ್ಲೇ ಮಾಡಿದ್ದರಿಂದ ಇದರಲ್ಲಿ ಆಲ್ಕೊಹಾಲ್ ಇಲ್ಲವೆಂದು ಮಕ್ಕಳಿಗೂ ಕೊಡುತ್ತೇವೆ. ಸರಿಯೇ?
ಓದುಗರು, ಮಂಗಳೂರು

ಉತ್ತರ: ಸರಿಯಲ್ಲ. ಹಬ್ಬದ ಸಂಭ್ರಮಕ್ಕೆ ಅಡ್ಡಿಯಾಗುವ ಮಾತನ್ನು ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ, ಆದರೆ ಮಕ್ಕಳ ವಿಷಯವಾದ್ದರಿಂದ ಹೇಳಲೇಬೇಕು. ಯೀಸ್ಟ್‌ಗೆ ಮನೆ, ಕಾರ್ಖಾನೆ ಎಂಬ ಭೇದವಿಲ್ಲ. ಅಷ್ಟು ಸಕ್ಕರೆ, ಅಷ್ಟು ದಿನ, ನಮ್ಮ ಕರಾವಳಿಯ ಸೆಕೆ ಎಲ್ಲವೂ ಸೇರಿದಾಗ ಅದರಲ್ಲಿ ಶೇ 8ರಿಂದ 12ರವರೆಗೆ ಆಲ್ಕೊಹಾಲ್ ಹುಟ್ಟುವುದು ಕಷ್ಟವೇನಲ್ಲ. ಸಕ್ಕರೆಯ ಸಿಹಿ ಅದನ್ನು ಮರೆಮಾಡುತ್ತದೆ, ಅಷ್ಟೇ. ಕೊಡಗಿನ ಅಂಗಡಿಗಳಲ್ಲಿ ಪ್ರವಾಸಿಗರು ಕೊಳ್ಳುವ 'ಹೋಮ್‌ಮೇಡ್ ವೈನ್' ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ ಇದೆ. ಮಾರಾಟ ಮಾಡುವುದಾದರೆ ಅಬಕಾರಿ ಇಲಾಖೆಯ ಪರವಾನಗಿಯೂ ಬೇಕಾಗುತ್ತದೆ.

ಕುದಿಸಿಬಿಟ್ಟರೆ ಹೋಗುತ್ತದಲ್ಲ ಎಂದು ಕೆಲವರು ಕೇಳುವುದುಂಟು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೊಂದರ ಪ್ರಕಾರ ಅಡುಗೆಗೆ ಹಾಕಿದ ವೈನನ್ನು 15 ನಿಮಿಷ ಬೇಯಿಸಿದ ಮೇಲೂ ಆಲ್ಕೊಹಾಲಿನ ಸುಮಾರು ಶೇ 40 ಭಾಗ ಉಳಿದಿರುತ್ತದೆ. ಮಕ್ಕಳಿಗಾಗಿ ಬೇರೆ ದಾರಿಯಿದೆ, ಅದು ನಿಮ್ಮ ಹಬ್ಬದ ಇತಿಹಾಸಕ್ಕೂ ಹತ್ತಿರದ್ದು. ಅಮೆರಿಕದ ನ್ಯೂ ಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನ ದಂತವೈದ್ಯ ಥಾಮಸ್ ಬ್ರಾಮ್ವೆಲ್ ವೆಲ್ಚ್ ಅವರು 1869ರಲ್ಲಿ ಚರ್ಚಿನ ಪ್ರಭು ಭೋಜನಕ್ಕೆ ಹುದುಗದ ದ್ರಾಕ್ಷಾರಸ ಬೇಕೆಂದು, ಬಾಟಲಿಗೆ ತುಂಬಿದ ರಸವನ್ನು ಬಿಸಿನೀರಿನಲ್ಲಿ ಕಾಯಿಸಿ ಯೀಸ್ಟನ್ನು ಕೊಂದು ಮುಚ್ಚಿಟ್ಟರು. ನೀವೂ ಮಕ್ಕಳಿಗೆಂದು ದ್ರಾಕ್ಷಿಯನ್ನು ಲವಂಗ, ಚಕ್ಕೆಯೊಂದಿಗೆ ಕುದಿಸಿ ಸೋಸಿ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಕೊಡಬಹುದು. ಬಣ್ಣವೂ ಪರಿಮಳವೂ ದೊಡ್ಡವರ ಲೋಟದಲ್ಲಿ ಇದ್ದಂತೆಯೇ ಇರುತ್ತವೆ.

ಪ್ರಶ್ನೆ: ಆಲ್ಕೊಹಾಲೇ ಇಲ್ಲದ ಮೇಲೆ ಬೆಲೆ ಇಷ್ಟೇಕೆ? ಮೊದಲ ಸಲ ಕೊಳ್ಳುವವರು ಯಾವುದನ್ನು ಕೊಳ್ಳಬೇಕು?
ಓದುಗರು, ಬೆಂಗಳೂರು

ಉತ್ತರ: ವೈನ್ ಮಾಡುವ ಖರ್ಚು ಪೂರ್ತಿ ಆದ ಮೇಲೆ ಅದರಿಂದ ಆಲ್ಕೊಹಾಲ್ ತೆಗೆಯುವ ಖರ್ಚು ಬೇರೆ ಸೇರುತ್ತದೆ, ಹಾಗೆ ತೆಗೆಯುವಾಗ ಅಳತೆಯೂ ಕುಗ್ಗುತ್ತದೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಆಮದು ಸುಂಕವೂ ಕೂಡುತ್ತದೆ. ಮೊದಲ ಸಲಕ್ಕೆ ನೊರೆ ಬರುವ ಬಿಳಿ ವೈನನ್ನು ಆರಿಸಿ ಎಂಬುದು ನನ್ನ ಸಲಹೆ, ಯಾಕೆಂದರೆ ಆಲ್ಕೊಹಾಲ್ ಬಿಟ್ಟುಹೋದ ಜಾಗವನ್ನು ಗುಳ್ಳೆಗಳೂ ತಂಪೂ ತಕ್ಕಮಟ್ಟಿಗೆ ತುಂಬುತ್ತವೆ. ರೀಸ್ಲಿಂಗ್‌ನಂಥ ಪರಿಮಳದ ದ್ರಾಕ್ಷಿಯವೂ ಪರವಾಗಿಲ್ಲ. ಕೆಂಪು ವೈನಿನಲ್ಲಿ ತೃಪ್ತಿ ಸಿಗುವುದು ಅಪರೂಪ. ನಾನು ರುಚಿ ನೋಡಿದ ಕೆಂಪು ವೈನುಗಳಲ್ಲಿ ಹೆಚ್ಚಿನವು ತೆಳ್ಳಗಾಗಿದ್ದವು. ಕಾಪಾಡುವ ಆಲ್ಕೊಹಾಲ್ ಇಲ್ಲದ್ದರಿಂದ ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ, ವರ್ಷಗಟ್ಟಲೆ ಕೂಡಿಡಬೇಡಿ.

ಪ್ರಶ್ನೆ: ನಮ್ಮದು ಎರಡು ಎಕರೆ ಬೆಂಗಳೂರು ನೀಲಿ ದ್ರಾಕ್ಷಿ ತೋಟ. ಬೆಲೆ ಬಿದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಈ ಹೊಸ ವೈನಿನಿಂದ ನಮ್ಮಂಥವರಿಗೆ ಏನಾದರೂ ದಾರಿ ಇದೆಯೇ?
ರೈತರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನೇರವಾಗಿ ಹೇಳುವುದಾದರೆ, ಆಲ್ಕೊಹಾಲ್ ತೆಗೆದ ವೈನ್ ನಿಮ್ಮ ಅಳತೆಯ ರೈತರು ಕೈಹಾಕುವ ಕೆಲಸವಲ್ಲ. ಮೊದಲು ವೈನ್ ತಯಾರಿಸಲು ಪರವಾನಗಿ ಬೇಕು, ಅನಂತರ ಬಹಳ ಬೆಲೆಯ ಯಂತ್ರ ಬೇಕು. ಯುರೋಪಿನಲ್ಲೂ ಅನೇಕ ಬೆಳೆಗಾರರು ಸ್ವಂತ ಯಂತ್ರವಿಲ್ಲದೆ ತಮ್ಮ ವೈನನ್ನು ದೊಡ್ಡ ಘಟಕಗಳಿಗೆ ಕಳಿಸಿ ಆಲ್ಕೊಹಾಲ್ ತೆಗೆಸಿಕೊಳ್ಳುತ್ತಾರೆ.

ಆದರೆ ಮಂಗಳೂರಿನವರಿಗೆ ಹೇಳಿದ ವೆಲ್ಚ್ ಅವರ ಕಥೆಯಲ್ಲಿ ನಿಮಗೂ ಒಂದು ಎಳೆ ಇದೆ. ಅವರು ಬಳಸಿದ್ದು ಕಾಂಕಾರ್ಡ್ ಎಂಬ ದ್ರಾಕ್ಷಿ. ಅದೂ 2013ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ನಿಮ್ಮ ಬೆಂಗಳೂರು ನೀಲಿಯೂ ಲಬ್ರುಸ್ಕಾ ಎಂಬ ಒಂದೇ ಬಳಗಕ್ಕೆ ಸೇರಿದವು. ನಿಮ್ಮ ತೋಟದ ಹಣ್ಣನ್ನು ಮೂಗಿನ ಹತ್ತಿರ ತಂದಾಗ ಬರುವ ಆ ಗಾಢವಾದ ವಾಸನೆಯನ್ನು ಒಳ್ಳೆಯ ವೈನಿನಲ್ಲಿ ದೋಷವೆಂದು ಎಣಿಸುವವರಿದ್ದಾರೆ. ಹುದುಗಿಸದ ರಸದಲ್ಲಿ ಅದೇ ದೊಡ್ಡ ಗುಣ. ಮದ್ಯ ಬೇಡವೆನ್ನುವ ಅತಿಥಿಗೆ ಆಮದಾದ ಬಾಟಲಿಯ ಬದಲು, ಸಕ್ಕರೆ ಬೆರೆಸದ, ಸೋಡಾ ಬೆರೆಸಿ ಕುಡಿಯಬಹುದಾದ ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಾರಸವನ್ನು ಬೆಂಗಳೂರಿನ ಹೋಟೆಲುಗಳು ಇಡಬಾರದೇಕೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಇದಕ್ಕೆ ಅಬಕಾರಿ ಪರವಾನಗಿ ಬೇಡ, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಾಕು. ರಸ ತೆಗೆದು ಕೆಡದಂತೆ ಬಾಟಲಿಗೆ ತುಂಬುವ ತಂತ್ರಜ್ಞಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಕೇಳಿ ತಿಳಿಯಬಹುದು.

ಒಬ್ಬರೇ ಮಾಡುವುದು ಕಷ್ಟ. ವೆಲ್ಚ್ ಅವರ ಕಂಪನಿ 1956ರಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘದ ಕೈಯಲ್ಲಿದೆ; ಹಣ್ಣು ಬೆಳೆದವರೇ ರಸದ ಮಾಲೀಕರು. ಹಾಲಿನಲ್ಲಿ ಅಂಥ ಸಂಘ ಕಟ್ಟಿದ ಅನುಭವ ನಿಮ್ಮ ಜಿಲ್ಲೆಯ ಪ್ರತಿ ಹಳ್ಳಿಯಲ್ಲೂ ಇದೆ. ನಿಮ್ಮ ಸುತ್ತಮುತ್ತಲಿನ ಹತ್ತು ಹದಿನೈದು ತೋಟದವರನ್ನು ಸೇರಿಸಿಕೊಂಡು ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ರೈತ ಉತ್ಪಾದಕ ಸಂಸ್ಥೆಗೆ ದೊರೆಯುವ ನೆರವಿನ ಬಗ್ಗೆ ವಿಚಾರಿಸಿ. ಅಲ್ಲಿ ಏನು ಹೇಳಿದರೆಂದು ಈ ಅಂಕಣಕ್ಕೆ ಬರೆಯಿರಿ, ನಿಮ್ಮಂಥ ಬೇರೆ ಬೆಳೆಗಾರರಿಗಾಗಿ ಅದನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.